ಬಾಗಿಲು ತೆರೆಯಲೇ, ಮುಚ್ಚಲೇ?



ಆಗಮನ ಕಾಲದ ಒಂದು ಭಾನುವಾರ. ಎರಡನೆಯ ಬಲಿಪೂಜೆ ಮುಗಿಸಿ ಪೂಜಾವಸ್ತ್ರಗಳನ್ನು ತೆಗೆದಿಡುತ್ತಿದ್ದೆ. ಜನರೆಲ್ಲ ಹೊರಟುಹೋಗಿದ್ದರು. ಒಬ್ಬ ತಾಯಿ ಮಾತ್ರ ಬಾಗಿಲ ಬಳಿ ನಿಂತಿದ್ದರು. "ಫಾದರ್, ಒಂದು ಮಾತು" ಎಂದರು. ಅವರ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷಗಳಿಂದ ಒಬ್ಬ ಹುಡುಗಿಯೊಡನೆ ಮದುವೆಯಿಲ್ಲದೆ ಒಂದೇ ಮನೆಯಲ್ಲಿ ವಾಸವಾಗಿದ್ದಾನೆ. ಈ ವಿಷಯ ಹೆತ್ತವರಿಗೆ ತಿಳಿದು ಮೂರು ತಿಂಗಳಾಗಿತ್ತು. ಈಗ ಕ್ರಿಸ್ಮಸ್ಸಿಗೆ ಅವಳನ್ನೂ ಕರೆದುಕೊಂಡು ಬರುತ್ತೇನೆ ಎಂದು ಫೋನ್ ಮಾಡಿದ್ದಾನೆ. "ಅವನು ಈ ಹೊಸ್ತಿಲು ದಾಟಿದರೆ ನಾನು ಈ ಮನೆಯಲ್ಲಿ ಇರುವುದಿಲ್ಲ" ಎಂದು ತಂದೆ ಹೇಳಿದ್ದಾರೆ. "ಅಣ್ಣನಿಗೊಂದು ನ್ಯಾಯ, ನನಗೊಂದು ನ್ಯಾಯವೇ?" ಎಂದು ತಂಗಿ ಕೇಳಿದ್ದಾಳೆ. "ಏನು ಮಾಡಲಿ ಫಾದರ್? ಬಾಗಿಲು ತೆರೆಯಲೇ, ಮುಚ್ಚಲೇ? ತೆರೆದರೆ ಪಾಪವನ್ನು ಒಪ್ಪಿಕೊಂಡಂತೆ. ಮುಚ್ಚಿದರೆ ಮಗನನ್ನು ಕಳೆದುಕೊಂಡಂತೆ" ಎಂದು ಆ ತಾಯಿ ಕಣ್ಣೊರೆಸಿಕೊಂಡರು.

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಆ ಕುಟುಂಬದವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಒಡನೆ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವಿದೆ. ಗುರುದೀಕ್ಷೆ ಪಡೆದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ, ಒಬ್ಬ ತಂದೆ ಇದೇ ಪ್ರಶ್ನೆಯನ್ನು ನನ್ನ ಮುಂದಿಟ್ಟಿದ್ದರು. ಗುರುಮಠದ ಪಾಠಗಳು ಆಗ ತಲೆಯಲ್ಲಿ ಹಸಿಯಾಗಿದ್ದವು. "ಮುಚ್ಚಿಬಿಡಿ. ಪಾಪದ ಗಾಂಭೀರ್ಯ ಅವನಿಗೆ ಅರಿವಾಗಲಿ" ಎಂದು ಬಹಳ ಧೈರ್ಯದಿಂದ ಹೇಳಿದೆ. ಆ ತಂದೆ ನನ್ನ ಮಾತನ್ನು ನಂಬಿ ಹಾಗೆಯೇ ಮಾಡಿದರು. ಕೆಲವು ವರ್ಷಗಳ ಮೇಲೆ ಅವರು ಹಾಸಿಗೆ ಹಿಡಿದಾಗ ಮಗ ಬರಲಿಲ್ಲ. ಸಮಾಧಿಯ ದಿನ ಬಂದು, ಸ್ಮಶಾನದ ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು ಹಿಂತಿರುಗಿದ. ನಾನು ಪ್ರಾರ್ಥನೆ ಓದುತ್ತಿದ್ದವನು ಅವನನ್ನು ಕಂಡೆ. ಎಲ್ಲವೂ ನನ್ನ ಮಾತಿನಿಂದಲೇ ಆಯಿತೆಂದು ಹೇಳುವುದಿಲ್ಲ. ಆದರೆ ಅಂದಿನಿಂದ ಈ ಪ್ರಶ್ನೆಗೆ ಅವಸರದಿಂದ ಉತ್ತರಿಸುವುದನ್ನು ಬಿಟ್ಟಿದ್ದೇನೆ.

"ಬುಧವಾರ ಸಂಜೆ ಬನ್ನಿ, ಮನೆಯ ಯಜಮಾನರನ್ನೂ ಕರೆತನ್ನಿ" ಎಂದು ಆ ತಾಯಿಗೆ ಹೇಳಿದೆ. ಆ ಬುಧವಾರ ಅವರೊಡನೆ ಹಂಚಿಕೊಂಡದ್ದನ್ನೇ ಈಗ ನಿಮ್ಮ ಮುಂದಿಡುತ್ತೇನೆ. ನಿಮ್ಮ ಮನೆಯ ಸಮಸ್ಯೆ ಇದೇ ಆಗಿರಬೇಕೆಂದಿಲ್ಲ. ಕುಡಿತ, ಜೂಜು, ಆಸ್ತಿಯಲ್ಲಿ ಮೋಸ, ವಿಶ್ವಾಸವನ್ನೇ ತೊರೆಯುವುದು, ಯಾವುದೇ ಆಗಿರಬಹುದು. ಮೂಲ ಪ್ರಶ್ನೆ ಒಂದೇ: ನಾವು ಪ್ರೀತಿಸುವವರು ಪಾಪದಲ್ಲಿ ನಡೆಯುವಾಗ ನಾವು ಹೇಗೆ ನಡೆಯಬೇಕು?

ಎರಡು ಸುಲಭದ ದಾರಿಗಳು

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮದುವೆಯಿಲ್ಲದೆ ಗಂಡಹೆಂಡಿರಂತೆ ಬಾಳುವುದು ಗಂಭೀರ ಪಾಪ ಎಂಬುದು ಧರ್ಮಸಭೆಯ ಬೋಧನೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಇದನ್ನು ಮರೆಮಾಚದೆ ಹೇಳುತ್ತದೆ. ಕಾಲ ಬದಲಾಗಿದೆ, ನಗರದಲ್ಲಿ ಎಲ್ಲರೂ ಹೀಗೆಯೇ ಎಂಬ ಮಾತಿನಿಂದ ಅದು ಸರಿಯಾಗುವುದಿಲ್ಲ. ಅದೇ ಗ್ರಂಥ ಇನ್ನೊಂದನ್ನೂ ಹೇಳುತ್ತದೆ: ಅಜ್ಞಾನ, ಭಯ, ಅಭ್ಯಾಸ, ಒತ್ತಡ ಮುಂತಾದವು ಒಬ್ಬನ ಹೊಣೆಗಾರಿಕೆಯನ್ನು ಕಡಿಮೆ ಮಾಡಬಲ್ಲವು. ಕೃತ್ಯ ತಪ್ಪೆಂದು ಹೇಳುವ ಹಕ್ಕು ನಮಗಿದೆ. ಆ ಮಗನ ಆತ್ಮ ದೇವರ ಮುಂದೆ ಯಾವ ಸ್ಥಿತಿಯಲ್ಲಿದೆ ಎಂದು ತೀರ್ಪು ಹೇಳುವ ಅಧಿಕಾರ ನಮಗಿಲ್ಲ.

ಇಂಥ ಸಂದರ್ಭದಲ್ಲಿ ನಮ್ಮ ಮನೆಗಳಲ್ಲಿ ಎರಡು ಸುಲಭದ ದಾರಿಗಳನ್ನು ಹಿಡಿಯುತ್ತೇವೆ. ಒಂದು, ಕಂಡೂ ಕಾಣದಂತೆ ಇದ್ದುಬಿಡುವುದು. ಹಳೆಯ ಒಡಂಬಡಿಕೆಯ ಯಾಜಕ ಏಲಿಯನ್ನು ನೆನೆಯಿರಿ (1 ಸಮುವೇಲ 2 ಮತ್ತು 3). ಅವನ ಮಕ್ಕಳು ದೇವರಿಗೆ ಅರ್ಪಿಸಬೇಕಾದ ಮಾಂಸವನ್ನು ಬಲವಂತದಿಂದ ಕಸಿಯುತ್ತಿದ್ದರು, ದೇವದರ್ಶನದ ಗುಡಾರದ ಬಾಗಿಲಲ್ಲಿ ಸೇವೆ ಮಾಡುತ್ತಿದ್ದ ಸ್ತ್ರೀಯರೊಡನೆ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದರು. ಏಲಿ ಬೈಯಲಿಲ್ಲವೆಂದಲ್ಲ. ಮುದುಕನಾದ ಮೇಲೆ ಒಮ್ಮೆ ಬುದ್ಧಿ ಹೇಳಿದ. ಆದರೆ ಯಾಜಕ ಪದವಿಯಿಂದ ಅವರನ್ನು ತಡೆಯುವ ಅಧಿಕಾರವಿದ್ದೂ ತಡೆಯಲಿಲ್ಲ. ದೇವರಿಗಿಂತ ಮಕ್ಕಳನ್ನೇ ಹೆಚ್ಚಾಗಿ ಗೌರವಿಸಿದ ಎಂಬುದೇ ಅವನ ಮೇಲಿನ ಆರೋಪ.

ಇನ್ನೊಂದು ದಾರಿ, ಕತ್ತರಿಸಿ ಎಸೆಯುವುದು. ಅದು ಲೂಕನ ಶುಭಸಂದೇಶದ ಹಿರಿಯ ಮಗನ ದಾರಿ (ಲೂಕ 15). ತಮ್ಮ ಮನೆಗೆ ಬಂದಾಗ ಅವನು ಒಳಗೆ ಕಾಲಿಡಲೊಲ್ಲದೆ ಹೊರಗೇ ನಿಂತ. ತಂದೆಯೊಡನೆ ಮಾತನಾಡುವಾಗ 'ನನ್ನ ತಮ್ಮ' ಎಂಬ ಪದವೂ ಅವನ ಬಾಯಿಂದ ಬರಲಿಲ್ಲ.

ಆ ಕಥೆಯ ತಂದೆಯನ್ನು ಗಮನಿಸಿ. ಕಿರಿಯ ಮಗ ಹೊರಟಾಗ ಬಾಗಿಲಿಗೆ ಅಡ್ಡ ನಿಲ್ಲಲಿಲ್ಲ. ದೂರ ದೇಶದಲ್ಲಿ ದುಂದುಗಾರಿಕೆಗೆಂದು ಹಣ ಕಳುಹಿಸಲೂ ಇಲ್ಲ. ತಾನಿದ್ದ ಮನೆಯಲ್ಲೇ ಇದ್ದ, ದಾರಿಯ ಕಡೆಗೆ ಕಣ್ಣಿಟ್ಟಿದ್ದ. ಮುನಿಸಿಕೊಂಡ ಹಿರಿಯ ಮಗನನ್ನು ಕರೆಯಲೂ ಅವನೇ ಹೊರಗೆ ಬಂದ. ಅಣ್ಣನಿಗೊಂದು ನ್ಯಾಯ ನನಗೊಂದು ನ್ಯಾಯವೇ ಎಂದು ಕೇಳಿದ ಆ ಮಗಳನ್ನು ನಾವು ಮರೆಯಬಾರದು. ಶಿಸ್ತಿನಿಂದ ಬಾಳಿದ ಮಕ್ಕಳ ನೋವು ಅಸೂಯೆ ಮಾತ್ರವಲ್ಲ. ಅವರ ಬಳಿಗೂ ಹೆತ್ತವರು ಹೋಗಿ ಕೂರಬೇಕು.

ಸಂತ ಮೋನಿಕಾ ಮತ್ತು ಊಟದ ಮೇಜು

ಈ ಪ್ರಶ್ನೆಯನ್ನು ಬಾಳಿ ತೋರಿಸಿದ ಒಬ್ಬ ತಾಯಿ ನಮಗಿದ್ದಾರೆ. ಆಗಸ್ಟ್ 27ರಂದು ನಾವು ಸ್ಮರಿಸುವ ಸಂತ ಮೋನಿಕಾ. ಅವರ ಊರು ತಗಾಸ್ತೆ, ಇಂದಿನ ಅಲ್ಜೀರಿಯಾ ದೇಶದಲ್ಲಿದೆ. ಗಂಡ ಪತ್ರೀಸಿಯುಸ್ ಕ್ರೈಸ್ತರಾಗಿರಲಿಲ್ಲ. ಮುಂಗೋಪಿ, ಹೆಂಡತಿಗೆ ನಿಷ್ಠರಾಗಿಯೂ ಇರಲಿಲ್ಲ. ಮಗ ಅಗಸ್ಟೀನ್ ಹುಟ್ಟಿದ್ದು 354ರಲ್ಲಿ. ಮುಂದೆ ಅವರೇ ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ತಾಯಿಯ ಬಗ್ಗೆ ಬರೆದಿರುವುದರಿಂದ ಈ ಸಂಗತಿಗಳು ನಮಗೆ ತಿಳಿದಿವೆ.

ಓದಲೆಂದು ಕಾರ್ಥೇಜ್ ನಗರಕ್ಕೆ ಹೋದ ಅಗಸ್ಟೀನ್ ಅಲ್ಲಿ ಮದುವೆಯಿಲ್ಲದೆ ಒಬ್ಬ ಹೆಣ್ಣಿನೊಡನೆ ವಾಸವಾದರು. ಅದೆಯೋದಾತುಸ್ ಎಂಬ ಮಗನೂ ಹುಟ್ಟಿದ. ಸುಮಾರು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಾನಿಕೇಯ ಪಂಥವನ್ನು ಸೇರಿ ಕಥೋಲಿಕ ವಿಶ್ವಾಸವನ್ನು ಹೀಯಾಳಿಸತೊಡಗಿದರು. ಆಗ ಮೋನಿಕಾ ಏನು ಮಾಡಿದರು? ಮಗನನ್ನು ತಮ್ಮ ಮನೆಯಲ್ಲಿ ಇರಿಸಿಕೊಳ್ಳಲು, ತಮ್ಮ ಮೇಜಿನಲ್ಲಿ ಊಟಕ್ಕೆ ಕೂರಿಸಲು ಒಪ್ಪಲಿಲ್ಲ. ಹೌದು, ಸಂತ ಮೋನಿಕಾ ಕೂಡ ಒಮ್ಮೆ ಬಾಗಿಲು ಮುಚ್ಚಿದವರೇ.

ಆಗ ಅವರಿಗೊಂದು ಕನಸು ಬಿತ್ತು. ತಾವು ಒಂದು ಮರದ ಪಟ್ಟಿಯ ಮೇಲೆ ನಿಂತಿದ್ದಾರೆ. ಪ್ರಕಾಶಮಾನನಾದ ಒಬ್ಬ ಯುವಕ ಬಂದು, ಏಕೆ ಅಳುತ್ತಿರುವೆ ಎಂದು ವಿಚಾರಿಸುತ್ತಾನೆ. ಮಗ ಹಾಳಾದನೆಂಬ ದುಃಖ ಎನ್ನುತ್ತಾರೆ. ನೀನಿರುವಲ್ಲೇ ಅವನೂ ಇದ್ದಾನೆ, ನೋಡು ಎಂದು ಆತ ಹೇಳುತ್ತಾನೆ. ತಿರುಗಿ ನೋಡಿದರೆ ಅದೇ ಪಟ್ಟಿಯ ಮೇಲೆ, ತಮ್ಮ ಪಕ್ಕದಲ್ಲೇ ಮಗ ನಿಂತಿದ್ದಾನೆ. ಈ ಕನಸನ್ನು ಕೇಳಿದ ಅಗಸ್ಟೀನ್, ಮುಂದೆ ನೀನೇ ನನ್ನ ದಾರಿಗೆ ಬರುವೆ ಎಂದು ಇದರರ್ಥ ಎಂದು ವಾದಿಸಿದರು. ಮೋನಿಕಾ ಕ್ಷಣವೂ ತಡೆಯಲಿಲ್ಲ. ಅವನಿರುವಲ್ಲಿ ನೀನು ಎಂದು ನನಗೆ ಹೇಳಲಿಲ್ಲ, ನೀನಿರುವಲ್ಲಿ ಅವನು ಎಂದೇ ಹೇಳಿದ್ದು ಎಂದುಬಿಟ್ಟರು. ಕನಸಿಗಿಂತಲೂ ತಾಯಿಯ ಈ ಉತ್ತರವೇ ತಮ್ಮನ್ನು ಹೆಚ್ಚು ಕಲಕಿತೆಂದು ಅಗಸ್ಟೀನರು ಬರೆಯುತ್ತಾರೆ. ಆ ಕನಸಿನ ಬಳಿಕ ಮೋನಿಕಾ ಮಗನನ್ನು ಮನೆಗೆ ಸೇರಿಸಿಕೊಂಡರು, ಒಂದೇ ಮೇಜಿನಲ್ಲಿ ಊಟ ಮಾಡಿದರು.

ಪ್ರಿಯರೇ, ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೋನಿಕಾ ಬಾಗಿಲು ತೆರೆದರು, ಆದರೆ ನಿಂತ ಪಟ್ಟಿಯನ್ನು ಬಿಡಲಿಲ್ಲ. ಮಗನನ್ನು ಉಳಿಸಿಕೊಳ್ಳಲು ತಾನು ಅವನಿದ್ದಲ್ಲಿಗೆ ಇಳಿಯಬೇಕಿಲ್ಲ. ತಾನು ಗಟ್ಟಿಯಾಗಿ ನಿಂತಿರಲೆಂದು ಅವನನ್ನು ಹೊರಗೆ ದಬ್ಬಬೇಕಿಲ್ಲ. ಪಕ್ಕದಲ್ಲಿ ಅವನಿಗೊಂದು ಜಾಗ ಖಾಲಿ ಇಟ್ಟು ನಿಲ್ಲಬೇಕು, ಅಷ್ಟೇ.

ಆದರೆ ಅದು ಸುಲಭವಾಗಿರಲಿಲ್ಲ. ಒಬ್ಬ ಧರ್ಮಾಧ್ಯಕ್ಷರ ಬಳಿಗೆ ಹೋಗಿ, ನನ್ನ ಮಗನೊಡನೆ ಮಾತನಾಡಿ ಎಂದು ಮೋನಿಕಾ ಬೇಡಿಕೊಂಡರು. ಅವನಿನ್ನೂ ಕೇಳುವ ಸ್ಥಿತಿಯಲ್ಲಿಲ್ಲ, ಸದ್ಯ ಬಿಟ್ಟುಬಿಡು, ಅವನಿಗಾಗಿ ಪ್ರಾರ್ಥಿಸು ಎಂದು ಅವರು ನಿರಾಕರಿಸಿದರು. ತಾಯಿ ಅಳುತ್ತಾ ಒತ್ತಾಯಿಸಿದಾಗ ಅವರು ಬೇಸರದಿಂದಲೇ, ಇಷ್ಟು ಕಣ್ಣೀರು ಸುರಿಸಿದ ತಾಯಿಯ ಮಗ ನಾಶವಾಗಲಾರ ಎಂಬರ್ಥದ ಮಾತು ಹೇಳಿ ಕಳುಹಿಸಿದರು. ನಂತರವೂ ಹಲವು ವರ್ಷ ಏನೂ ಬದಲಾಗಲಿಲ್ಲ. 383ರಲ್ಲಿ ಅಗಸ್ಟೀನ್ ತಾಯಿಗೆ ಸುಳ್ಳು ಹೇಳಿ, ಆಕೆ ಪ್ರಾರ್ಥನೆಯಲ್ಲಿದ್ದ ರಾತ್ರಿ ರೋಮಿಗೆ ಹಡಗು ಹತ್ತಿದರು. ತಾಯಿ ಸಮುದ್ರ ದಾಟಿ ಮಿಲಾನಿಗೆ ಹೋದರು. ಕೊನೆಗೆ 387ರ ಪಾಸ್ಕ ಜಾಗರಣೆಯಲ್ಲಿ ಸಂತ ಅಂಬ್ರೋಸರ ಕೈಯಿಂದ ಅಗಸ್ಟೀನರಿಗೂ ಅವರ ಮಗನಿಗೂ ಸ್ನಾನದೀಕ್ಷೆಯಾಯಿತು. ಅದೇ ವರ್ಷ ಓಸ್ತಿಯಾದಲ್ಲಿ, 56ನೆಯ ವಯಸ್ಸಿನಲ್ಲಿ, ಮೋನಿಕಾ ಕಣ್ಮುಚ್ಚಿದರು.

ಈ ಕಥೆಯಲ್ಲಿ ನಾವು ಸಾಮಾನ್ಯವಾಗಿ ಹೇಳದೆ ಬಿಡುವ ಒಬ್ಬರಿದ್ದಾರೆ. ಅಗಸ್ಟೀನರೊಡನೆ ಹಲವು ವರ್ಷ ಬಾಳಿದ ಆ ಹೆಣ್ಣು. ಅಂತಸ್ತಿಗೆ ತಕ್ಕ ಮದುವೆಯೊಂದನ್ನು ಗೊತ್ತುಮಾಡಿದಾಗ (ಅದರಲ್ಲಿ ಮೋನಿಕಾರ ಪ್ರಯತ್ನವೇ ಮುಖ್ಯವಾಗಿತ್ತು) ಆಕೆಯನ್ನು ಆಫ್ರಿಕಾಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಇನ್ನೊಬ್ಬ ಪುರುಷನನ್ನು ಅರಿಯುವುದಿಲ್ಲವೆಂದು ಹರಕೆ ಹೊತ್ತು, ಹೆತ್ತ ಮಗನನ್ನು ಬಿಟ್ಟು ಆಕೆ ಹೊರಟುಹೋದರು. ಆಕೆಯ ಹೆಸರು ಕೂಡ ನಮಗೆ ಉಳಿದಿಲ್ಲ. ಗೊತ್ತುಮಾಡಿದ ಆ ಮದುವೆಯೂ ನಡೆಯಲಿಲ್ಲ. ಸಂತರೂ ಎಲ್ಲವನ್ನೂ ಸರಿಯಾಗಿ ಮಾಡಲಿಲ್ಲ ಎಂಬುದನ್ನು ಇಲ್ಲಿ ಕಾಣುತ್ತೇವೆ. ನಮ್ಮ ಮಗ ನಮಗೆ ಮಗ, ಅವನೊಡನಿರುವವಳು ಮಾತ್ರ 'ಅವಳು' ಎಂದು ನಾವು ಯೋಚಿಸುವಾಗ ಈ ಹೆಸರಿಲ್ಲದ ತಾಯಿಯನ್ನು ನೆನೆಯಬೇಕು. ಬರುವ ಹುಡುಗಿಯೂ ಒಬ್ಬರ ಮಗಳು. ಅವಳ ಮನೆಯಲ್ಲೂ ಒಬ್ಬ ತಾಯಿ ಅಳುತ್ತಿರಬಹುದು.

ತಿದ್ದುವುದು ಒಂದು ದಾನ

ಬಾಗಿಲು ತೆರೆದ ಮೇಲೆ ಏನೂ ಮಾತನಾಡಬಾರದೇ? ಖಂಡಿತ ಮಾತನಾಡಬೇಕು. ಪಾಪದಲ್ಲಿರುವವರನ್ನು ಎಚ್ಚರಿಸುವುದು ಏಳು ಆಧ್ಯಾತ್ಮಿಕ ಕರುಣಾಕಾರ್ಯಗಳಲ್ಲಿ ಒಂದೆಂದು ನಾವು ಜ್ಞಾನೋಪದೇಶದಲ್ಲಿ ಕಲಿತಿದ್ದೇವೆ. ಸಹೋದರನನ್ನು ತಿದ್ದುವುದು ಒಂದು ಬಗೆಯ ದಾನವೆಂದು ಸಂತ ತೋಮಸ್ ಅಕ್ವಿನಾಸರು ಕಲಿಸುತ್ತಾರೆ. ಹಸಿದವನಿಗೆ ಅನ್ನ ಕೊಡುವಂತೆಯೇ ಅದೂ ಪ್ರೀತಿಯ ಕಾರ್ಯ. ಹಾಗಾದರೆ ನಮ್ಮ ಕೋಪವನ್ನು ಇಳಿಸಿಕೊಳ್ಳಲು ಬೈಯುವುದು ದಾನವಲ್ಲ. ಬಂಧುಗಳ ಮುಂದೆ ಮಾನ ಉಳಿಸಿಕೊಳ್ಳಲು ಗದರುವುದೂ ದಾನವಲ್ಲ. ಆತ ಸರಿಯಾಗಲಿ ಎಂಬ ಆಸೆಯೊಂದೇ ಅದರ ಹಿಂದಿರಬೇಕು. ಮಾತು ಈಗ ಅವನನ್ನು ಇನ್ನೂ ಕೆಡಿಸುತ್ತದೆ ಎಂದು ಕಂಡರೆ ಸದ್ಯಕ್ಕೆ ತಡೆಯಬೇಕೆಂದೂ ಅವರೇ ಹೇಳುತ್ತಾರೆ.

ಆದರೆ ಎಲ್ಲ ಮೌನವೂ ಒಂದೇ ಅಲ್ಲ. ಒಳ್ಳೆಯ ಸಮಯಕ್ಕಾಗಿ ಕಾಯುವ ಮೌನ ಪ್ರೀತಿಯದು. ಜಗಳದ ತೊಂದರೆ ಬೇಡ, ತಿಂಗಳ ಹಣ ನಿಂತುಹೋದೀತು ಎಂಬ ಮೌನ ಸ್ವಾರ್ಥದ್ದು. ನಿಮ್ಮ ಮೌನ ಯಾವುದು ಎಂದು ಪಾಪನಿವೇದನೆಗೆ ಸಿದ್ಧರಾಗುವಾಗ ನಿಮ್ಮನ್ನೇ ಕೇಳಿಕೊಳ್ಳಿ.

ತಿದ್ದುವ ಕ್ರಮವನ್ನು ಪ್ರಭುವೇ ಕಲಿಸಿದ್ದಾರೆ (ಮತ್ತಾಯ 18:15-17). ಮೊದಲು ಒಬ್ಬರೇ ಹೋಗಿ, ಅವನೊಬ್ಬನೇ ಇರುವಾಗ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು. ಕೊನೆಗೆ ಸಭೆಗೆ. ನಾವು ಮಾಡುವುದು ಇದರ ತಿರುಗುಮುರುಗು. ಮೊದಲು ಇಡೀ ಬೀದಿಗೆ ತಿಳಿಸುತ್ತೇವೆ, ಆಮೇಲೆ ಚಿಕ್ಕಪ್ಪ, ಸೋದರಮಾವಂದಿರನ್ನು ಸೇರಿಸುತ್ತೇವೆ, ಮಗನೊಡನೆ ಮಾತ್ರ ಮಾತು ಬಿಡುತ್ತೇವೆ. ಸಭೆಗೂ ಕಿವಿಗೊಡದವನನ್ನು ಅನ್ಯನಂತೆ, ಸುಂಕದವನಂತೆ ಎಣಿಸಬೇಕೆಂಬ ಮಾತು ಅಲ್ಲಿದೆ ನಿಜ. ಆದರೆ ಆ ಮಾತನ್ನು ಬರೆದಿಟ್ಟ ಶುಭಸಂದೇಶ ಯಾರ ಹೆಸರಿನದು? ಸುಂಕದ ಕಟ್ಟೆಯಿಂದ ಎದ್ದುಬಂದ ಮತ್ತಾಯನದು. ಯೇಸು ಅವನನ್ನು ಕರೆದರು, ಸುಂಕದವರ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು (ಮತ್ತಾಯ 9:9-13).

ಆ ಬುಧವಾರ ಮಗನ ತಂದೆ ನನಗೆ ಬೈಬಲ್ ತೆರೆದು ತೋರಿಸಿದರು. ಅಂಥವನೊಡನೆ ಊಟವನ್ನೂ ಮಾಡಬಾರದೆಂದು ಪ್ರೇಷಿತ ಪೌಲರೇ ಬರೆದಿದ್ದಾರಲ್ಲ ಫಾದರ್, ಎಂದರು (1 ಕೊರಿಂಥ 5:11). ನ್ಯಾಯವಾದ ಪ್ರಶ್ನೆ. ಆ ಅಧ್ಯಾಯವನ್ನು ಮೊದಲಿನಿಂದ ಒಟ್ಟಿಗೆ ಓದಿದೆವು. ಅಲ್ಲಿರುವುದು ತಂದೆಯ ಹೆಂಡತಿಯನ್ನೇ ಇಟ್ಟುಕೊಂಡವನ ವಿಷಯ. ಅದಕ್ಕೂ ಹೆಚ್ಚಾಗಿ, ಸಭೆ ಅದಕ್ಕೆ ದುಃಖಪಡುವ ಬದಲು ಉಬ್ಬಿಕೊಂಡಿತ್ತು. ಪೌಲರು ಇಡೀ ಸಭೆ ಸೇರಿ ಕೈಗೊಳ್ಳಬೇಕಾದ ಕ್ರಮವನ್ನು ಹೇಳುತ್ತಿದ್ದಾರೆ, ಅದರ ಗುರಿಯೂ ಆ ಮನುಷ್ಯನ ಆತ್ಮದ ಉದ್ಧಾರವೇ. ಅದೇ ಸಭೆಗೆ ಬರೆದ ಎರಡನೆಯ ಪತ್ರದಲ್ಲಿ, ದಂಡನೆಗೊಳಗಾದ ಒಬ್ಬನನ್ನು ಕ್ಷಮಿಸಿ, ಅವನು ಅತಿದುಃಖದಲ್ಲಿ ಮುಳುಗಿಹೋಗದಂತೆ ಸಂತೈಸಿರಿ ಎಂದು ಕೇಳಿಕೊಳ್ಳುತ್ತಾರೆ (2 ಕೊರಿಂಥ 2:5-8). ಬಹಿಷ್ಕಾರ ಹಾಕುವ ಅಧಿಕಾರವನ್ನು ಧರ್ಮಸಭೆ ಯಾವ ತಂದೆಯ ಕೈಗೂ ಕೊಟ್ಟಿಲ್ಲ. ಎರಡನೆಯ ಜಾನ್ ಪೌಲರು 1981ರಲ್ಲಿ ಕುಟುಂಬದ ಕುರಿತು ಬರೆದ ಪ್ರೇಷಿತ ಪ್ರಬೋಧನೆಯಲ್ಲಿ, ಹೀಗೆ ಬಾಳುವವರನ್ನು ಗೌರವದಿಂದ ಸಮೀಪಿಸಿ, ಅವರವರ ಸ್ಥಿತಿಯನ್ನು ತಿಳಿದು, ತಾಳ್ಮೆಯಿಂದ ಬೋಧಿಸಿ, ಪ್ರೀತಿಯಿಂದ ತಿದ್ದಬೇಕೆಂದು ಗುರುಗಳಿಗೂ ಧರ್ಮಸಭೆಗೂ ಸೂಚಿಸಿದ್ದಾರೆ. ಗುರುಗಳಿಗೆ ಹೇಳಿದ್ದು ಹೆತ್ತವರಿಗೆ ಇನ್ನಷ್ಟು ಸಲ್ಲುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

1. ಒಮ್ಮೆ ಸ್ಪಷ್ಟವಾಗಿ ಹೇಳಿ. ಏಕಾಂತದಲ್ಲಿ, ಕೋಪ ಇಳಿದಿರುವಾಗ ಹೇಳಿ. "ನೀನು ಬಾಳುತ್ತಿರುವ ರೀತಿಯನ್ನು ನಾವು ಒಪ್ಪುವುದಿಲ್ಲ. ನೀನು ನಮ್ಮ ಮಗನಲ್ಲ ಎಂದು ಎಂದಿಗೂ ಹೇಳುವುದಿಲ್ಲ." ಈ ಎರಡು ವಾಕ್ಯಗಳೂ ಒಟ್ಟಿಗೆ ಇರಲಿ. ಹೇಳಿದ್ದನ್ನೇ ಪ್ರತಿ ಫೋನಿನಲ್ಲೂ, ಪ್ರತಿ ಊಟದಲ್ಲೂ ಹೇಳುತ್ತಿದ್ದರೆ ಅದು ತಿದ್ದುವುದಲ್ಲ, ಚುಚ್ಚುವುದು.

2. ಕಾರಣವನ್ನು ಕೇಳಿ. "ಹೀಗೇಕೆ ಮಾಡಿದೆ?" ಎಂದು ಗದರದೆ, "ಮದುವೆಗೆ ಅಡ್ಡಿಯಾಗಿರುವುದು ಏನು?" ಎಂದು ವಿಚಾರಿಸಿ. ಕೆಲವೊಮ್ಮೆ ಹಣದ ಅಡಚಣೆ, ಕೆಲವೊಮ್ಮೆ ಜಾತಿಯ ಭಯ, ಕೆಲವೊಮ್ಮೆ ನಮ್ಮದೇ ಭಯ ಕಾರಣವಾಗಿರುತ್ತದೆ.

3. ಪಾಪಕ್ಕೆ ಕೈಜೋಡಿಸಬೇಡಿ. ಇನ್ನೊಬ್ಬರ ಪಾಪದಲ್ಲಿ ನಾವು ಪಾಲುದಾರರಾಗುವುದು ಹೇಗೆಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ: ನೇರವಾಗಿ ಭಾಗವಹಿಸುವುದರಿಂದ, ಆಜ್ಞೆ ಸಲಹೆ ಹೊಗಳಿಕೆಗಳಿಂದ, ತಡೆಯುವ ಹೊಣೆಯಿದ್ದೂ ತಡೆಯದಿರುವುದರಿಂದ, ತಪ್ಪು ಮಾಡುವವರನ್ನು ರಕ್ಷಿಸುವುದರಿಂದ. ಅನ್ನ ಬಡಿಸುವುದು ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಊಟದ ಮೇಜು ಒಂದೇ ಇರಲಿ, ಮಲಗುವ ಕೋಣೆಗಳು ಬೇರೆ ಬೇರೆ ಇರಲಿ. ಇದು ನಮ್ಮ ಮನೆಯ ಕ್ರಮ ಎಂದು ಅವರು ಬರುವ ಮುಂಚೆಯೇ ಮೃದುವಾಗಿ ತಿಳಿಸಿ. ಊರವರು ಕೇಳಿದರೆ ಮದುವೆಯಾಗಿದೆ ಎಂದು ಸುಳ್ಳು ಹೇಳಬೇಡಿ. ಎಲ್ಲವನ್ನೂ ಬಿಡಿಸಿ ಹೇಳುವ ಅಗತ್ಯವೂ ಇಲ್ಲ.

4. ಪರಮಪ್ರಸಾದಕ್ಕೆ ತಳ್ಳಬೇಡಿ. ಹಬ್ಬದ ಪೂಜೆಯಲ್ಲಿ ಮಗ ಸಾಲಿಗೆ ಹೋಗದೆ ಕುಳಿತರೆ ಜನ ಏನೆಂದಾರು ಎಂದು ಮೊಣಕೈಯಿಂದ ತಿವಿಯುವ ತಾಯಂದಿರನ್ನು ನಾನು ಕಂಡಿದ್ದೇನೆ. ಅಯೋಗ್ಯವಾಗಿ ಸ್ವೀಕರಿಸುವುದರ ಬಗ್ಗೆ ಪೌಲರು ಎಚ್ಚರಿಸಿದ್ದಾರೆ (1 ಕೊರಿಂಥ 11:27). ಆತ ಕುಳಿತೇ ಇದ್ದರೆ ಅದು ಅವನಲ್ಲಿ ಉಳಿದಿರುವ ಭಕ್ತಿಯ ಗುರುತಾಗಿರಬಹುದು. ಅದನ್ನು ಗೌರವಿಸಿ.

5. ಬಲವಂತದ ಮದುವೆ ಮಾಡಿಸಬೇಡಿ. "ಮುಂದಿನ ವಾರವೇ ತಾಳಿ ಕಟ್ಟು, ಇಲ್ಲವಾದರೆ ವಿಷ ಕುಡಿಯುತ್ತೇನೆ" ಎಂಬ ಬೆದರಿಕೆಯಿಂದ ಮರ್ಯಾದೆ ಉಳಿಯಬಹುದು, ಸಂಸ್ಕಾರ ಉಳಿಯುವುದಿಲ್ಲ. ಬಲಾತ್ಕಾರದಿಂದ ಅಥವಾ ಘೋರ ಭಯದಿಂದ ಒಪ್ಪಿದ ಮದುವೆ ಅಸಿಂಧು ಎಂದು ಧರ್ಮಸಭೆಯ ಕಾನೂನು ಸ್ಪಷ್ಟವಾಗಿ ಹೇಳುತ್ತದೆ (ವಿಧಿ 1103).

6. ದಾರಿ ಇದೆಯೆಂದು ತಿಳಿಸಿ. ಹುಡುಗಿ ಅಥವಾ ಹುಡುಗ ಕ್ರೈಸ್ತರಲ್ಲದಿದ್ದರೆ ದೇವಾಲಯದಲ್ಲಿ ಮದುವೆ ಸಾಧ್ಯವೇ ಇಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದು ತಪ್ಪು. ನ್ಯಾಯವಾದ ಕಾರಣವಿದ್ದು, ಕಾನೂನಿನ ಷರತ್ತುಗಳು ಪೂರೈಸಿದರೆ ಧರ್ಮಾಧ್ಯಕ್ಷರು ವಿನಾಯಿತಿ ಕೊಡಬಲ್ಲರು (ವಿಧಿಗಳು 1086, 1125). ಕಥೋಲಿಕರಾದವರು ತಮ್ಮ ವಿಶ್ವಾಸದಲ್ಲಿ ಉಳಿಯಲು ಸಿದ್ಧರೆಂದು ತಿಳಿಸಿ, ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ತಮ್ಮಿಂದಾದುದೆಲ್ಲವನ್ನೂ ಮಾಡುವುದಾಗಿ ಮಾತು ಕೊಡಬೇಕು. ಇನ್ನೊಬ್ಬರಿಗೆ ಇದನ್ನು ತಿಳಿಸಿರಬೇಕು. ಅವರು ಮತಾಂತರಗೊಳ್ಳಬೇಕೆಂಬ ನಿಯಮವಿಲ್ಲ. 1954ರ ವಿಶೇಷ ವಿವಾಹ ಕಾಯಿದೆಯಂತೆ ಮಾತ್ರ ಮದುವೆಯಾದವರಿಗೂ ತಮ್ಮ ಬಾಳನ್ನು ಧರ್ಮಸಭೆಯಲ್ಲಿ ಸರಿಪಡಿಸಿಕೊಳ್ಳುವ ಮಾರ್ಗಗಳಿವೆ. ನಿಮ್ಮ ವಿಚಾರಣಾ ಗುರುಗಳನ್ನು ಕೇಳಿ.

7. ಪ್ರಾರ್ಥನೆ ಮತ್ತು ತ್ಯಾಗ. ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ಒಂದು ದಶಕ ಜಪಸರವನ್ನು ಆ ಮಗನ ಹೆಸರಿನಲ್ಲಿ ಅರ್ಪಿಸಿ. ಅವನಿಗೆ ಕೇಳಿಸಲೆಂದು ಗಟ್ಟಿಯಾಗಿ ಅಲ್ಲ, ದೇವರಿಗೆ ಕೇಳಿಸಲೆಂದು.

ಒಂದು ಗಂಭೀರ ಎಚ್ಚರಿಕೆ

ಬಾಗಿಲು ತೆರೆದಿಡಿ ಎಂಬ ಈ ಮಾತನ್ನು ಎಲ್ಲ ಪಾಪಗಳಿಗೂ ಒಂದೇ ರೀತಿ ಅನ್ವಯಿಸಬಾರದು. ಒಬ್ಬನ ಪಾಪ ಇನ್ನೊಬ್ಬರ ಮೈಮೇಲೆ ಬೀಳುವಾಗ ಮೊದಲ ಕರ್ತವ್ಯ ಪೆಟ್ಟು ತಿನ್ನುವವರನ್ನು ಕಾಪಾಡುವುದು. ಹೊಡೆಸಿಕೊಂಡ ಹೆಂಗಸರಿಗೆ ಮೋನಿಕಾ ತಾಳ್ಮೆಯ ಬುದ್ಧಿ ಹೇಳುತ್ತಿದ್ದರೆಂದು ಅಗಸ್ಟೀನರು ಬರೆದಿದ್ದಾರೆ. ಅದು ಬೇರೆ ದಾರಿ ಕಾಣದ ಕಾಲದ ಮಾತು. ಇಂದು ಅದನ್ನು ತೋರಿಸಿ ಒಬ್ಬ ಹೆಣ್ಣುಮಗಳನ್ನು ಹೊಡೆಯುವ ಗಂಡನ ಬಳಿಗೆ ಹಿಂದಕ್ಕೆ ಕಳುಹಿಸುವುದು ತಪ್ಪು. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಘೋರ ಅಪಾಯವಿದ್ದರೆ ಬೇರೆ ವಾಸಿಸಲು ಧರ್ಮಸಭೆಯ ಕಾನೂನೇ ಅವಕಾಶ ಕೊಟ್ಟಿದೆ (ವಿಧಿ 1153). ಕೆಲವು ಸಂದರ್ಭಗಳಲ್ಲಿ ಹಾಗೆ ಬೇರೆಯಾಗುವುದು ನೈತಿಕವಾಗಿ ಅಗತ್ಯವೇ ಆಗಬಹುದೆಂದು ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಬರೆದರು. ನಮ್ಮ ದೇಶದಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ ಇದೆ, ಮಹಿಳೆಯರ ಸಹಾಯವಾಣಿ 181 ಇದೆ, ಮಕ್ಕಳ ಸಹಾಯವಾಣಿ 1098 ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ ವರದಿ ಮಾಡುವುದು 2012ರ ಪೋಕ್ಸೋ ಕಾಯಿದೆಯ ಪ್ರಕಾರ ಕಡ್ಡಾಯ. ಅದನ್ನು ಮನೆತನದ ಮಾನಕ್ಕಾಗಿ ಮುಚ್ಚಿಡುವುದು ಕ್ಷಮೆಯಲ್ಲ. ಕ್ಷಮಿಸುವುದೆಂದರೆ ಹೊಡೆಯುವ ಕೈಗೆ ಮತ್ತೆ ಅವಕಾಶ ಕೊಡುವುದಲ್ಲ.

ಆ ಕ್ರಿಸ್ಮಸ್

ಆ ಮನೆಯಲ್ಲಿ ಏನಾಯಿತು ಎಂದು ನೀವು ಕೇಳಬಹುದು. ದೊಡ್ಡ ಪವಾಡವೇನೂ ನಡೆಯಲಿಲ್ಲ. ತಂದೆ ಮನೆ ಬಿಟ್ಟು ಹೋಗಲಿಲ್ಲ. ಮಗ, ಹುಡುಗಿ ಇಬ್ಬರೂ ಬಂದರು. ಹುಡುಗಿ ತಂಗಿಯ ಕೋಣೆಯಲ್ಲಿ ಮಲಗಿದಳು, ಮಗ ನಡುಮನೆಯಲ್ಲಿ. ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತರು, ಹೆಚ್ಚು ಮಾತಿರಲಿಲ್ಲ. ನಡುರಾತ್ರಿಯ ಬಲಿಪೂಜೆಗೆ ಮಗ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಪರಮಪ್ರಸಾದದ ಹೊತ್ತಿಗೆ ಏಳಲಿಲ್ಲ. ತಾಯಿ ಅವನ ಕಡೆಗೆ ತಿರುಗಿ ನೋಡಲಿಲ್ಲ. ಆ ತಾಯಿಗೆ ಅದೆಷ್ಟು ಕಷ್ಟವಾಗಿರಬೇಕು.

ಹೊರಡುವ ದಿನ ಬಸ್ ನಿಲ್ದಾಣದವರೆಗೆ ತಂದೆ ಚೀಲ ಹಿಡಿದುಕೊಂಡು ಹೋದರು. ಅಲ್ಲಿ ಮಗನನ್ನು ಪಕ್ಕಕ್ಕೆ ಕರೆದು, ಮದುವೆಗೆ ಏನು ಅಡ್ಡಿ ಎಂದು ಮೊದಲ ಬಾರಿ ಕೇಳಿದರು. ಹುಡುಗಿ ಕ್ರೈಸ್ತಳಲ್ಲ, ಚರ್ಚಿನಲ್ಲಿ ನಮಗೆ ಮದುವೆಯಾಗುವುದಿಲ್ಲವಲ್ಲ ಅಪ್ಪಾ, ನೀವಂತೂ ಒಪ್ಪುವುದಿಲ್ಲ ಎಂದುಕೊಂಡೆ ಎಂದು ಮಗ ಹೇಳಿದನಂತೆ. ಆ ತಪ್ಪು ತಿಳಿವಳಿಕೆಯಲ್ಲೇ ಎರಡು ವರ್ಷ ಕಳೆದಿದ್ದವು. ಅಷ್ಟರಿಂದ ಅವರು ಮಾಡಿದ್ದು ಸರಿಯಾಗುವುದಿಲ್ಲ ನಿಜ. ಆದರೆ ಮುಚ್ಚಿದ ಬಾಗಿಲ ಹಿಂದೆ ನಿಂತು ತಂದೆಗೆ ಅದು ತಿಳಿಯುತ್ತಿತ್ತೇ?

ಆಮೇಲೆ ಅವರಿಬ್ಬರೂ ನನ್ನನ್ನು ಎರಡು ಸಲ ಬಂದು ಕಂಡಿದ್ದಾರೆ. ಹುಡುಗಿಯ ಮನೆಯವರು ಇನ್ನೂ ಒಪ್ಪಿಲ್ಲ. ಮದುವೆ ಇನ್ನೂ ಆಗಿಲ್ಲ. ಮುಂದೇನಾಗುವುದೋ ದೇವರು ಬಲ್ಲರು. ತಂದೆ ಮಾತ್ರ ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಮಗನಿಗೆ ಫೋನ್ ಮಾಡುತ್ತಾರೆ. ಸ್ಮಶಾನದ ಗೇಟಿನ ಬಳಿ ನಿಂತಿದ್ದ ಆ ಇನ್ನೊಬ್ಬ ಮಗನಿಗಾಗಿ ನಾನು ಇಂದಿಗೂ ಬಲಿಪೂಜೆಯಲ್ಲಿ ಪ್ರಾರ್ಥಿಸುತ್ತೇನೆ. ನೀವೂ ಪ್ರಾರ್ಥಿಸಿ.

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯಲ್ಲಿ ಯಾರೊಡನೆಯಾದರೂ ಮಾತು ಬಿಟ್ಟಿದ್ದೇವೆಯೇ? ಅದು ಅವರು ಸರಿಯಾಗಲೆಂದೇ, ನಮ್ಮ ಮಾನಕ್ಕೆಂದೇ?

2. ತಪ್ಪೆಂದು ತಿಳಿದೂ ಸುಮ್ಮನಿರುವ ವಿಷಯ ಯಾವುದಾದರೂ ಇದೆಯೇ? ಆ ಮೌನ ಯಾರಿಗೆ ಅನುಕೂಲ?

3. ಶಿಸ್ತಿನಿಂದ ಬಾಳಿದ ಮಕ್ಕಳ ನೋವನ್ನು ನಾವು ಕೇಳಿಸಿಕೊಂಡಿದ್ದೇವೆಯೇ?

ಪ್ರಾರ್ಥನೆ

ಕರುಣಾಮಯ ತಂದೆಯೇ, ನಮ್ಮ ಮನೆಯಿಂದ ದೂರವಾದವರನ್ನು ನಿಮ್ಮ ಕೈಗೊಪ್ಪಿಸುತ್ತೇವೆ. ಸತ್ಯವನ್ನು ಮರೆಮಾಚದ ಧೈರ್ಯವನ್ನೂ ಯಾರನ್ನೂ ತಳ್ಳದ ಪ್ರೀತಿಯನ್ನೂ ನಮಗೆ ಕೊಡಿ. ನಾವು ನಿಮ್ಮಲ್ಲಿ ನೆಲೆ ನಿಲ್ಲುವಂತೆ ಮಾಡಿ, ನಮ್ಮ ಪಕ್ಕದಲ್ಲಿ ಅವರಿಗೂ ಸ್ಥಳವಿರಲಿ. ಸಂತ ಮೋನಿಕಾ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.